ಆಷಾಢದಲ್ಲಿ ಅಳೆದ ಕೋಣೆ

ಚಂದ್ರಾ ಲೇಔಟಿನ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಹಾಳೆಯನ್ನು ಮೂರು ಮೂರು ಸಲ ತಿದ್ದಿಸುವವರು ಎರಡು ಬಗೆ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಮೇಲೆ ಬರಬೇಕೋ ಕೆಳಗೆ ಬರಬೇಕೋ ಎಂದು ಕಾದಾಡುವವರು ಒಂದು ಬಗೆ. ಇನ್ನೊಂದು ಬಗೆಯಲ್ಲಿರುವವರು ಏಕಾಂತಯ್ಯನವರು ಒಬ್ಬರೇ. ಹನ್ನೊಂದು ವರ್ಷ ಅವರ ರಿಪೋರ್ಟುಗಳನ್ನು ಟೈಪು ಮಾಡಿದ್ದೇನೆ. ಅವರ ಮೇಲೆ ಬಂದಷ್ಟು ಸಿಟ್ಟು ನನಗೆ ನನ್ನ ಗಂಡನ ಮೇಲೂ ಬಂದಿಲ್ಲ. ಈಗ ಅವರ ಬಗ್ಗೆ ಬರೆಯಲು ಕೂತಿರುವುದೂ ಆ ಸಿಟ್ಟು ಇನ್ನೂ ಇಳಿಯದೆ ಇರುವುದರಿಂದ. ಅದರಲ್ಲಿ ಅರ್ಧ ನನ್ನ ಮೇಲೆಯೇ ಇದೆ.

ತಿಪಟೂರು ಕಡೆಯ ಜಂಗಮರ ಮನೆತನ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಜೇಬಿನಲ್ಲಿ ಸ್ಕ್ರೂಡ್ರೈವರ್. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಮೀಟರುಗಳು ಸರಿಯಾಗಿ ತೋರಿಸುತ್ತವೋ ಇಲ್ಲವೋ ಎಂದು ಪರೀಕ್ಷಿಸುವ ಕೆಲಸದಲ್ಲಿದ್ದರು. ಕಾರ್ಖಾನೆ ಮುಚ್ಚಿ ಆ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿತು. ಇವರು ಕಟ್ಟಡಗಳಲ್ಲಿ ಗಾಳಿ ಎಷ್ಟು ಸೋರುತ್ತದೆ ಎಂದು ಅಳೆಯುವ ಕೆಲಸಕ್ಕೆ ಇಳಿದರು. ಅಂಥದ್ದೊಂದು ಕೆಲಸ ಇದೆ ಎಂದು ನನಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು.

ಕೋಣೆಯ ಬಾಗಿಲು ತೆರೆದಿಟ್ಟು ಚೌಕಟ್ಟಿಗೆ ಕೆಂಪು ಬಟ್ಟೆಯ ಪರದೆ ಬಿಗಿಯುತ್ತಾರೆ. ಪರದೆಯ ನಡುವೆ ದೊಡ್ಡ ಫ್ಯಾನು. ಅದು ಒಳಗೆ ಗಾಳಿ ತುಂಬುತ್ತದೆ. ಗಾಳಿ ಸೋರಿಹೋದಷ್ಟೂ ಫ್ಯಾನು ಹೆಚ್ಚು ದುಡಿಯಬೇಕು, ಅದರ ದುಡಿಮೆಯಿಂದ ಸೋರಿಕೆಯ ಲೆಕ್ಕ. ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ಗಾಳಿ ಹೊಡೆದು ನೀರಿಗೆ ಅದ್ದುವುದಿಲ್ಲವೇ, ಅದೇ ಕೆಲಸ. ಟ್ಯೂಬಿನ ಬದಲು ಕೋಣೆ, ಅಷ್ಟೆ. ಸಂದು ಎಲ್ಲಿದೆ ಎಂದು ಹುಡುಕಲು ಊದುಬತ್ತಿ ಹಚ್ಚಿ ಗೋಡೆಯುದ್ದಕ್ಕೂ ಹಿಡಿದುಕೊಂಡು ಹೋಗುತ್ತಾರೆ. ಹೊಗೆ ಬಾಗಿದ ಕಡೆ ಸೋರಿಕೆ. ವಿಭೂತಿ, ಊದುಬತ್ತಿ, ಕೆಂಪು ಬಟ್ಟೆ ನೋಡಿದ ಸೆಕ್ಯುರಿಟಿಯವರು ಪೂಜೆಗೆ ಅಯ್ನೋರು ಬಂದಿದ್ದಾರೆ ಎಂದುಕೊಂಡು ಬೂಟು ಕಳಚಿ ನಿಲ್ಲುತ್ತಿದ್ದರಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ನನಗೆ ತಲೆನೋವಾಗಿದ್ದದ್ದು ಅವರ ಅಂಕಿಗಳು. ಯಾವ ಲೆಕ್ಕವೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಎಂಬತ್ತು ಎಂದು ಬರೆದರೆ ಪಕ್ಕದಲ್ಲಿ ‘ಐದು ಹೆಚ್ಚು ಕಡಿಮೆ’ ಎಂದು ಇರಲೇಬೇಕು. ಕೆಳಗೆ ಆ ಐದು ಎಲ್ಲಿಂದ ಬಂತು ಎಂಬುದಕ್ಕೆ ಅರ್ಧ ಪುಟ.

“ಐದು ಹೆಚ್ಚು ಕಡಿಮೆ ಅಂದ್ರೆ ನಿಮಗೇ ಸರಿಯಾಗಿ ಗೊತ್ತಿಲ್ಲ ಅಂತ ತಾನೇ ಅಯ್ನೋರೇ?” ಎಂದು ಒಂದು ದಿನ ಕೇಳಿದೆ.

“ಎಷ್ಟು ಗೊತ್ತಿಲ್ಲ ಅನ್ನೋದು ಗೊತ್ತಿದೆ ಜಗದಾಂಬಮ್ಮ. ಅದು ಸಣ್ಣ ವಿಷಯ ಅಲ್ಲ.”

ವಯಸ್ಸು ಕೇಳಿದರೂ ಇದೇ ಪಾಡು. “ಐವತ್ತೆಂಟು, ಒಂದು ವರ್ಷ ಆಚೆ ಈಚೆ.” ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಊರಿನ ಮಕ್ಕಳಿಗೆಲ್ಲ ಜೂನ್ ಒಂದನೇ ತಾರೀಖನ್ನೇ ಬರೆದುಬಿಟ್ಟಿದ್ದರಂತೆ. ಎಲ್ಲರೂ ಆ ದಿನವೇ ಹುಟ್ಟಿದವರಾಗಿ ಬದುಕಿಕೊಂಡಿರುವಾಗ ಇವರೊಬ್ಬರಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕೆಲಸ ಕೊಟ್ಟವರಿಗೆ ಈ ಗುಣ ಹಿಡಿಸುತ್ತಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡಬೇಡಿ ಸಾರ್, ಪಾಸೋ ಫೇಲೋ ಕಡ್ಡಿ ಮುರಿದ ಹಾಗೆ ಹೇಳಿ ಎನ್ನುತ್ತಿದ್ದರು. ಎಷ್ಟೋ ಜನ ಅವರನ್ನು ಬಿಟ್ಟು ಬೇರೆಯವರನ್ನು ಹಿಡಿದರು. ನಾನು ಕಂಡಂತೆ ಹನ್ನೊಂದು ವರ್ಷದಲ್ಲಿ ಅವರು ಕಡ್ಡಿ ಮುರಿದದ್ದು ಒಂದೇ ಸಲ.

ಆಷಾಢದಲ್ಲಿ ನಮ್ಮ ಜನ ಏನನ್ನೂ ಶುರು ಮಾಡುವುದಿಲ್ಲ. ಗೃಹಪ್ರವೇಶವಿಲ್ಲ, ಅಂಗಡಿ ಪೂಜೆಯಿಲ್ಲ, ಹೊಸ ಸೊಸೆ ಅತ್ತೆಯ ಮನೆಯಲ್ಲಿ ಇರುವಂತಿಲ್ಲ. ಎಲ್ಲವೂ ಶ್ರಾವಣದ ಮೊದಲ ಒಳ್ಳೆಯ ಮುಹೂರ್ತಕ್ಕೆ ಕಾಯಬೇಕು. ಹಾಗಾಗಿ ಶ್ರಾವಣಕ್ಕೆ ಬಾಗಿಲು ತೆರೆಯುವ ಕಟ್ಟಡಗಳ ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಆಷಾಢದ ಕೊನೆಯ ವಾರದಲ್ಲೇ ಮುಗಿಯಬೇಕು. ಬೆಂಗಳೂರಿನಲ್ಲಿ ಗಾಳಿ ಹುಚ್ಚೆದ್ದು ಬೀಸುವುದೂ ಆಗಲೇ. ಗಾಳಿಯಿಲ್ಲದ ದಿನ ಬೇಕಾದ ಮನುಷ್ಯನಿಗೆ ಕೈತುಂಬ ಕೆಲಸ ಬರುತ್ತಿದ್ದದ್ದು ಗಾಳಿಯ ತಿಂಗಳಲ್ಲಿ. ಇದರಲ್ಲಿ ಯಾರ ತಪ್ಪೂ ಇಲ್ಲ, ಪಂಚಾಂಗ ಬರೆದವರು ಗಾಳಿ ಸೋರಿಕೆಯನ್ನು ಎಣಿಸಿರಲಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷ. ಕೆಂಗೇರಿ ಉಪನಗರ ದಾಟಿ ಮೈಸೂರು ರಸ್ತೆಯಲ್ಲಿ ಒಂದು ಆಸ್ಪತ್ರೆ, ಹೆಸರು ಬೇಡ. ಅದರ ನಾಲ್ಕನೇ ಮಹಡಿಯಲ್ಲಿ ಕ್ಷಯದ ರೋಗಿಗಳಿಗಾಗಿ ಪ್ರತ್ಯೇಕ ಕೋಣೆ ಕಟ್ಟಿಸಿದ್ದರು. ಒಳಗಿನ ಗಾಳಿಯನ್ನು ಒಂದು ಯಂತ್ರ ಸದಾ ಎಳೆದು ಶೋಧಿಸಿ ಹೊರಗೆ ಬಿಡುತ್ತದೆ. ಗೋಡೆ, ಸೂರು ಬಿಗಿಯಾಗಿದ್ದರೆ ಮಾತ್ರ ಯಂತ್ರದ ಆಟ ನಡೆಯುತ್ತದೆ. ಸಂದುಗಳಿದ್ದರೆ ರೋಗಿ ಕೆಮ್ಮಿದ ಗಾಳಿ ಪಕ್ಕದಲ್ಲಿ ನರ್ಸುಗಳು ಕೂರುವ ಜಾಗಕ್ಕೂ ನುಸುಳಬಹುದು. ಸೋರಿಕೆ ನೂರರ ಒಳಗಿದ್ದರೆ ಪಾಸು, ಮೀರಿದರೆ ಸಂದು ಮುಚ್ಚಿ ಮತ್ತೆ ಅಳೆಯಬೇಕು. ಉದ್ಘಾಟನೆ ನಾಲ್ಕು ದಿನದಲ್ಲಿತ್ತು.

ಅವತ್ತಿನ ಕಥೆಯನ್ನು ಅವರು ನನಗೆ ಹೇಳಿದ್ದು ಬಹಳ ತಡವಾಗಿ. ಫ್ಯಾನು ಹಾಕುವ ಮೊದಲು, ಕೋಣೆಯ ಒಳಗಿನ ಹೊರಗಿನ ಒತ್ತಡದ ವ್ಯತ್ಯಾಸ ತೋರಿಸುವ ಮೀಟರು ಸೊನ್ನೆಯಲ್ಲಿ ನಿಲ್ಲಬೇಕು. ಅವತ್ತು ನಿಲ್ಲಲಿಲ್ಲ. ಪಶ್ಚಿಮದ ಗೋಡೆಗೆ ಗಾಳಿ ಅಪ್ಪಳಿಸಿದಾಗಲೆಲ್ಲ ಆರಕ್ಕೆ ಏರುತ್ತಿತ್ತು, ಮರುಕ್ಷಣ ಸೊನ್ನೆಗಿಂತ ಕೆಳಗೆ ಇಳಿಯುತ್ತಿತ್ತು. ಮೂರು ಗಂಟೆ ಕಾದರು. ಏಳು ಸಲ ಅಳೆದರು. ಸರಾಸರಿ ತೊಂಬತ್ತಾರು ಬಂತು. ಆ ಗಾಳಿಯಲ್ಲಿ ಅದಕ್ಕೆ ಹನ್ನೆರಡು ಹೆಚ್ಚು ಕಡಿಮೆ. ಅಂದರೆ ನಿಜವಾದ ಸೋರಿಕೆ ಎಂಬತ್ನಾಲ್ಕೂ ಇರಬಹುದು, ನೂರೆಂಟೂ ಇರಬಹುದು.

“ಎರಡು ವಾರ ಬಿಟ್ಟು ಗಾಳಿ ಇಳಿದ ಮೇಲೆ ಇನ್ನೊಂದು ಸಲ ಬರ್ತೀನಿ” ಎಂದರಂತೆ ಅಲ್ಲಿನ ಮ್ಯಾನೇಜರ್ ಉದಯಕುಮಾರ್‌ಗೆ.

ಉದಯಕುಮಾರ್ ಗದರಿಸಲಿಲ್ಲ. ಗದರಿಸಿದ್ದರೆ ಏಕಾಂತಯ್ಯನವರು ಫ್ಯಾನು ಕಟ್ಟಿಕೊಂಡು ಎದ್ದು ಬರುತ್ತಿದ್ದರು, ಅವರನ್ನು ಬಲ್ಲೆ. ಆತ ಬಗ್ಗಿ ಇವರ ಕಾಲು ಮುಟ್ಟಿದ. “ಅಯ್ನೋರೇ, ನಾವೂ ಲಿಂಗವಂತರೇ. ಉದ್ಘಾಟನೆ ದಿನ ಗುರುಗಳ ಪಾದಪೂಜೆ ಇಟ್ಕೊಂಡಿದೀವಿ. ಮುಹೂರ್ತದ ಮುಂದೆ ನಿಮ್ಮ ಬಾಯಲ್ಲಿ ಅನುಮಾನದ ಮಾತು ಬೇಡ. ನೀವು ಒಳ್ಳೇದು ಅಂದ್ರೆ ಒಳ್ಳೇದೇ ಆಗುತ್ತೆ” ಎಂದ.

ಅಯ್ಯನವರ ಮನೆಯಲ್ಲಿ ಹುಟ್ಟಿದವರಿಗೆ ಇದು ಎಂಥ ಕಟ್ಟು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಶುಭಕಾರ್ಯದ ಹೊಸ್ತಿಲಲ್ಲಿ ಜಂಗಮ ಅಪಶಕುನ ನುಡಿಯಬಾರದು. ಅವರ ತಂದೆ ನುಡಿದಿರಲಿಲ್ಲ, ಅಜ್ಜ ನುಡಿದಿರಲಿಲ್ಲ. ಮೀಟರಿನ ಮನುಷ್ಯನನ್ನು ಮಾತನಾಡಿಸಿದ್ದರೆ ಬೇರೆ ಉತ್ತರ ಬರುತ್ತಿತ್ತು. ಉದಯಕುಮಾರ್ ಅಯ್ನೋರನ್ನು ಮಾತನಾಡಿಸಿದ. ಇವರು ಸುಮ್ಮನೆ ತಲೆಯಾಡಿಸಿ ಬಂದರು.

ಆದರೂ ಚೀಟಿಯಲ್ಲಿ ‘ತೊಂಬತ್ತಾರು, ಹನ್ನೆರಡು ಹೆಚ್ಚು ಕಡಿಮೆ’ ಎಂದೇ ಬರೆದು ನನ್ನ ಮೇಜಿನ ಮೇಲೆ ಇಟ್ಟು ಹೋಗಿದ್ದರು. ಆಸ್ಪತ್ರೆಯವರ ಫಾರಂ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಇದ್ದದ್ದು ಒಂದು ಚೌಕ, ಅದಕ್ಕೆ ಅಂಕಿ ಬಿಟ್ಟು ಬೇರೇನೂ ಹಿಡಿಸುತ್ತಿರಲಿಲ್ಲ. ನಾನು ಫೋನು ಮಾಡಿದೆ.

“ಅಯ್ನೋರೇ, ನಿಮ್ಮ ಹೆಚ್ಚು ಕಡಿಮೆಗೆ ಇಲ್ಲಿ ಜಾಗ ಇಲ್ಲ. ಏನ್ ಮಾಡ್ಲಿ?”

ಚೌಕ ಒಂದೇ ಇದೆಯಾ ಎಂದು ಅವರು ಇನ್ನೊಮ್ಮೆ ಕೇಳಿದರು. ಆಮೇಲೆ, “ತೊಂಬತ್ತಾರು ಅಂತಲೇ ಹಾಕಿ” ಎಂದರು.

ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ. ಅಂತೂ ಈ ಮನುಷ್ಯನಿಗೆ ಬುದ್ಧಿ ಬಂತು ಎಂದುಕೊಂಡೆ. ಅರ್ಧ ಪುಟ ಟೈಪು ಮಾಡುವ ಶ್ರಮ ಉಳಿಯಿತು. ಚೌಕದಲ್ಲಿ ತೊಂಬತ್ತಾರು ಹೊಡೆದ ಕೂಡಲೇ ಫಾರಂ ತಾನಾಗಿಯೇ ಹಸಿರಾಗಿ ಪಾಸ್ ಎಂದು ತೋರಿಸಿತು.

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಮಾಸ್ಕು ಹಾಕಿಕೊಂಡ ಹುಡುಗಿಯೊಬ್ಬಳು ಅರ್ಜಿ ಟೈಪು ಮಾಡಿಸಲು ಬಂದಳು. ಹೆಸರು ಧನ್ಯಶ್ರೀ, ಅತ್ತಿಗುಪ್ಪೆಯ ಹಳೇ ಊರಿನ ಓಣಿಯವಳು, ನರ್ಸು. ಕ್ಷಯ ತಗುಲಿ ಐದು ತಿಂಗಳಿಂದ ಮಾತ್ರೆ ನುಂಗುತ್ತಿದ್ದಳು. ಈಗ ಅವಳಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಕೊಟ್ಟ ಪತ್ರವನ್ನು ನನ್ನ ಮುಂದೆ ಇಟ್ಟಳು. ಪ್ರತ್ಯೇಕ ಕೋಣೆಯಲ್ಲಿ ಗಾಳಿ ಸೋರುವುದಿಲ್ಲ ಎಂದು ಪರೀಕ್ಷೆಯಿಂದ ದೃಢಪಟ್ಟಿದೆ, ಆದ್ದರಿಂದ ಸೋಂಕು ಸಿಬ್ಬಂದಿಯ ಮನೆಯಿಂದಲೇ ಬಂದಿರಬೇಕು ಎಂದು ಅದರಲ್ಲಿತ್ತು. ಹಿಂದೆ ಒಂದು ಸರ್ಟಿಫಿಕೇಟಿನ ಪ್ರತಿ. ಚೌಕದಲ್ಲಿ ತೊಂಬತ್ತಾರು.

ಬೆಂಗಳೂರು ದೊಡ್ಡದು ಎನ್ನುತ್ತಾರೆ. ಈ ಪಶ್ಚಿಮದ ಕಡೆ ಅಷ್ಟೇನೂ ದೊಡ್ಡದಲ್ಲ. ಆ ತೊಂಬತ್ತಾರು ನಾನೇ ಹೊಡೆದದ್ದು.

“ನಂಗೆ ಬೇರೆ ಏನೂ ಬೇಡ ಆಂಟಿ. ಆ ‘ಮನೆಯಿಂದ’ ಅನ್ನೋ ಮಾತು ತೆಗೆದ್ರೆ ಸಾಕು” ಎಂದಳು. “ಅಕ್ಕ ಬಾಣಂತನಕ್ಕೆ ಬಂದವ್ಳೆ, ಮನೇಲಿ ಎಳೇ ಮಗು ಐತೆ. ಆ ಲೆಟರ್ ಬಂದಾಗಿಂದ ಅಪ್ಪ ನಮ್ಮಜ್ಜಿನ ಟೆರೇಸ್ ಮೇಲಿನ ಶೀಟ್ ರೂಮಿಗೆ ಹಾಕವ್ರೆ. ಮನೇಲಿ ಕೆಮ್ಮೋರು ಅಜ್ಜಿ ಒಬ್ರೇ ಅಲ್ವಾ. ಎರಡು ಸಲ ಟೆಸ್ಟ್ ಮಾಡಿಸಿದೆ, ಏನೂ ಇಲ್ಲ ಅಂತ ಬಂತು. ಆದ್ರೂ ನಂಬಲ್ಲ.”

ಅಜ್ಜಿಯ ಹೆಸರು ಮುನಿತಾಯಮ್ಮ. ವಿಜಯನಗರದ ಮಾರುತಿ ಮಂದಿರದ ಹತ್ತಿರ ನಲವತ್ತು ವರ್ಷ ಕಡಲೆಕಾಯಿ ಹುರಿದು ಮಾರಿದವರು. ಆ ಹೊಗೆಯ ಕೆಮ್ಮು ಅವರಿಗೆ ಧನ್ಯಶ್ರೀ ಹುಟ್ಟುವ ಮೊದಲೇ ಇತ್ತಂತೆ. ಮನೆಯವರಿಗೂ ಅದು ಗೊತ್ತು. ಆದರೆ ಶಂಖದಿಂದ ಬಂದರೇ ತೀರ್ಥ. ದೊಡ್ಡ ಆಸ್ಪತ್ರೆಯ ಸೀಲು ಬಿದ್ದ ಪತ್ರದ ಮುಂದೆ ನಲವತ್ತು ವರ್ಷದ ಗೊತ್ತು ನಿಲ್ಲಲಿಲ್ಲ.

ಸಂಜೆ ಏಕಾಂತಯ್ಯನವರಿಗೆ ಹೇಳಿದೆ. ಅವರು ಕೂತಿದ್ದ ಸ್ಟೂಲಿನಿಂದ ಏಳಲಿಲ್ಲ. ಚೀಲದಿಂದ ಹಳೆಯ ನೋಟುಬುಕ್ಕು ತೆಗೆದು ಆ ದಿನದ ಏಳು ಅಳತೆಗಳನ್ನು ಬೆರಳಿಟ್ಟು ಓದಿದರು. ಅವುಗಳಲ್ಲಿ ಎರಡು ಅಳತೆಗಳು ನೂರನ್ನು ದಾಟಿದ್ದವು.

“ನಾನು ಹುಟ್ಟಿಸಿದ್ದು ಇದು” ಎಂದರು.

“ಟೈಪ್ ಮಾಡಿದ್ದು ನಾನು” ಎಂದೆ.

“ನೀವು ಕೇಳಿದ್ರಿ. ನಾನು ಹಾಕಿ ಅಂದೆ.”

ಮರುದಿನ ಬೆಳಿಗ್ಗೆಯೇ ಫ್ಯಾನು ಕಟ್ಟಿಕೊಂಡು ಆಸ್ಪತ್ರೆಗೆ ಹೋದರು. ಕಾರ್ತಿಕದ ದಿನ, ಎಲೆ ಅಲ್ಲಾಡದಷ್ಟು ಗಾಳಿ ನಿಂತಿತ್ತು. ಮತ್ತೆ ಅಳೆದು ಸತ್ಯ ಹೊರಗೆ ಹಾಕುತ್ತೇನೆ ಎಂದು ಹೊರಟವರು ಮಧ್ಯಾಹ್ನದ ಹೊತ್ತಿಗೆ ಬರಿಗೈಯಲ್ಲಿ ವಾಪಸು ಬಂದರು. ಆ ಕೋಣೆಯ ಒಂದು ಗೋಡೆಯನ್ನೇ ಒಡೆದು ಹೊಸ ಏಸಿಗೆ ದಾರಿ ಮಾಡಿದ್ದರು, ಸೂರು ಬಿಚ್ಚಿ ಬೇರೆ ಹಾಕಿದ್ದರು. ಅಳೆಯಬೇಕಾದ ಕೋಣೆಯೇ ಈಗ ಇರಲಿಲ್ಲ. ಈಗ ಎಷ್ಟು ಬಂದರೂ ಅದು ಈ ಕೋಣೆಯ ಸೋರಿಕೆ, ಧನ್ಯಶ್ರೀ ಉಸಿರಾಡಿದ ಕೋಣೆಯದಲ್ಲ. ಉದಯಕುಮಾರ್ ಮಾತ್ರ ಅದೇ ನಯದಲ್ಲಿ, “ನೀವೇ ಸೈನ್ ಮಾಡಿದೀರಲ್ಲ ಅಯ್ನೋರೇ” ಎಂದನಂತೆ.

ಆದರೂ ಏಕಾಂತಯ್ಯನವರು ಬರೆಸಿದರು. ಹಿಂದಿನ ಸರ್ಟಿಫಿಕೇಟಿನ ಅಂಕಿಯನ್ನು ಒಂಟಿಯಾಗಿ ಓದುವಂತಿಲ್ಲ, ಕೋಣೆ ಪಾಸಾಗಿತ್ತು ಎಂದು ಹೇಳಲು ಬರುವುದಿಲ್ಲ, ತಪ್ಪು ನನ್ನದು ಎಂದು. ನಾನು ಟೈಪು ಮಾಡಿದೆ, ಒಂದೇ ಸಲಕ್ಕೆ, ತಿದ್ದುವುದು ಏನೂ ಇರಲಿಲ್ಲ. ಒಂದು ಪ್ರತಿ ಆಸ್ಪತ್ರೆಗೆ ಹೋಯಿತು. ಅಲ್ಲಿಂದ ಉತ್ತರ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಇನ್ನೊಂದು ಪ್ರತಿ ಹಿಡಿದು ನಾವಿಬ್ಬರೂ ಭಾನುವಾರ ಅತ್ತಿಗುಪ್ಪೆಗೆ ಹೊರಟೆವು.

ದಾರಿಯಲ್ಲಿ ನಾನು ಅವರನ್ನು ಬಿಡಲಿಲ್ಲ. “ಅಯ್ನೋರೇ, ಅಲ್ಲಿ ನಿಮ್ಮ ಹೆಚ್ಚು ಕಡಿಮೆ ತೆಗೀಬೇಡಿ. ಕಾಯಿಲೆ ಆಸ್ಪತ್ರೆಯಿಂದಲೇ ಬಂದಿದ್ದು ಅಂತ ಹೇಳ್ಬಿಡಿ. ಒಂದು ಸುಳ್ಳು ಆ ಮುದುಕಿನ ಮೇಲಕ್ಕೆ ಹತ್ತಿಸ್ತು, ಇನ್ನೊಂದು ಸುಳ್ಳು ಕೆಳಕ್ಕೆ ಇಳಿಸ್ಲಿ.”

“ಆಸ್ಪತ್ರೆಯಿಂದಲೇ ಬಂತು ಅಂತ ನನಗೆ ಗೊತ್ತಿಲ್ಲಮ್ಮ.”

“ಗೊತ್ತಿಲ್ದೇನೇ ಒಂದು ಸಲ ಬರೆದ್ರಲ್ಲ.”

“ಅದಕ್ಕೇ ಎರಡನೇ ಸಲ ಬೇಡ” ಎಂದರು. ಅವರ ಕತ್ತಿನ ಪಟ್ಟಿ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು ನನಗೆ.

ಧನ್ಯಶ್ರೀಯ ತಂದೆ ಮುರುಗೇಶ್ ಆಟೊ ಓಡಿಸುವವರು. ಒರಟರಲ್ಲ. ನಮ್ಮನ್ನು ಕುರ್ಚಿ ಹಾಕಿ ಕೂರಿಸಿದರು. ಒಳಕೋಣೆಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು, ಮಗುವಿಗೆ ಎರೆದಿದ್ದರು. ಏಕಾಂತಯ್ಯನವರು ಎಲ್ಲವನ್ನೂ ಬಿಡಿಸಿ ಹೇಳಿದರು. ಗಾಳಿ, ಮೀಟರು, ಎಂಬತ್ನಾಲ್ಕರಿಂದ ನೂರೆಂಟು, ತಾವು ಮುಚ್ಚಿಟ್ಟ ಹನ್ನೆರಡು. ಮುರುಗೇಶ್ ಗಮನವಿಟ್ಟು ಕೇಳಿದರು.

“ಅಂದ್ರೆ ಕಾಯ್ಲೆ ಆಸ್ಪತ್ರೆದೇ ಅಂತೀರಾ ಸಾರ್?”

“ಅದನ್ನೂ ಹೇಳಕ್ಕಾಗಲ್ಲ. ಮನೆಯದು ಅಂತ ಹೇಳೋ ಹಕ್ಕು ಅವರಿಗೆ ಇಲ್ಲ, ಅಷ್ಟು ಹೇಳ್ತೀನಿ.”

“ಹಂಗಾದ್ರೆ ಮನೇದೂ ಇರ್ಬೋದು.”

ಏಕಾಂತಯ್ಯನವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ತಿರುಗಿದೆ. “ಅಜ್ಜಿಗೆ ಎರಡು ಸಲ ಟೆಸ್ಟ್ ಆಗಿದೆಯಲ್ಲ, ಏನೂ ಇಲ್ಲ ಅಂತ ಬಂದಿದೆ. ಡಾಕ್ಟ್ರ ಮಾತು ನಂಬಿ” ಎಂದರು ಅವರು.

“ನಿಮ್ ಟೆಸ್ಟೂ ಟೆಸ್ಟೇ ಅಲ್ವಾ ಸಾರ್. ಈಗ ತಪ್ಪು ಅಂತಿದೀರ. ಎಳೇ ಕೂಸು ಮನೇಲಿಟ್ಕಂಡು ನಾನು ಯಾವ್ ಟೆಸ್ಟ್ ನಂಬ್ಲಿ?” ಮುರುಗೇಶ್ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಹೆತ್ತವ್ವನ್ನ ಬಿಸ್ಲಲ್ಲಿ ಕೂರಿಸಕ್ಕೆ ನಂಗೇನು ಆಸೆನಾ?”

ಬಾಗಿಲ ಬಳಿ ನಿಂತಿದ್ದ ಧನ್ಯಶ್ರೀ ತಲೆ ತಗ್ಗಿಸಿದಳು. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ ಆಯಿತು ನಮ್ಮ ಪ್ರಯಾಣ. ನಾನು ಏಳಲು ಹೊರಟಾಗ ಏಕಾಂತಯ್ಯನವರು, “ಅಜ್ಜಿನ ನೋಡಬಹುದಾ?” ಎಂದು ಕೇಳಿದರು.

ಕಬ್ಬಿಣದ ಏಣಿಮೆಟ್ಟಿಲು ಹತ್ತಿ ಹೋದೆವು. ಧನ್ಯಶ್ರೀ ಮುಂದೆ, ಮುರುಗೇಶ್ ಹಿಂದೆ. ನೀರಿನ ಟ್ಯಾಂಕಿನ ಪಕ್ಕ ಸಿಮೆಂಟ್ ಶೀಟಿನ ಒಂದು ಕೋಣೆ. ಮುನಿತಾಯಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ವಿಭೂತಿ ಕಂಡ ಕೂಡಲೇ ಎದ್ದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಕೈಲಾದಷ್ಟು ದೂರ ಸರಿದು ನಿಂತರು. ಏಕಾಂತಯ್ಯನವರು ಅವರಿಗೂ ಎಲ್ಲ ಹೇಳಿದರು. ಅಂಕಿ ಬಿಟ್ಟು, ಸರಳವಾಗಿ. ಅವತ್ತು ಗಾಳಿ ಜೋರಿತ್ತು, ಸರಿಯಾಗಿ ಅಳೆಯೋಕಾಗಲಿಲ್ಲ, ಆಗಲಿಲ್ಲ ಅಂತ ಹೇಳದೆ ಸರಿ ಇದೆ ಅಂತ ಬರೆದೆ, ನಿಮ್ಮ ಮೇಲೆ ಬಂದಿರೋ ಮಾತು ನನ್ನ ತಪ್ಪಿನಿಂದ ಬಂದದ್ದು ಎಂದರು. ಹೇಳಿ ಮುಗಿಸಿ, ಮೂಲೆಯಲ್ಲಿ ನೀರಿನ ಕೊಡದ ಮೇಲೆ ಬೋರಲು ಹಾಕಿದ್ದ ಒಂಟಿ ಸ್ಟೀಲು ಲೋಟವನ್ನು ತಾವೇ ತೆಗೆದುಕೊಂಡು ನೀರು ಮೊಗೆದರು.

ಅಯ್ಯನವರ ಮನೆತನದವರು ಕಂಡಕಂಡಲ್ಲಿ ನೀರು ಮುಟ್ಟುವುದಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಅಂಗಡಿಯಲ್ಲಿಯೂ ಅವರು ಒಂದು ಲೋಟ ಟೀ ಕುಡಿದವರಲ್ಲ. ಅವರು ಏನು ಮಾಡಹೊರಟಿದ್ದಾರೆ ಎಂದು ನನಗೂ ಗೊತ್ತಾಯಿತು, ಮುರುಗೇಶರಿಗೂ ಗೊತ್ತಾಯಿತು. ಬಾಯಲ್ಲಿ ಹೇಳಲಾಗದ್ದನ್ನು ಆ ಮನುಷ್ಯ ತನ್ನ ಮೈಮೇಲೆ ಹಾಕಿಕೊಂಡು ಹೇಳುತ್ತಿದ್ದರು. ಮುರುಗೇಶ್ ಒಂದು ಹೆಜ್ಜೆ ಮುಂದೆ ಬಂದು, “ಅವ್ವಾ...” ಎಂದರು. ಆ ಕ್ಷಣ ಅವರು ತಾಯಿಯನ್ನು ಕೆಳಗೆ ಕರೆಯುತ್ತಿದ್ದರು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಅಷ್ಟರಲ್ಲಿ ಮುನಿತಾಯಮ್ಮ ಮುಂದೆ ಬಂದು ಏಕಾಂತಯ್ಯನವರ ಕೈಯಿಂದ ಲೋಟ ಕಸಿದುಕೊಂಡರು. ನೀರು ಅವರ ಅಂಗಿಯ ಮೇಲೆ ಚೆಲ್ಲಿತು.

“ಬ್ಯಾಡ ಸ್ವಾಮಿ. ಮೊಮ್ಮಗ್ಳಿಗೆ ಅಂಟಿಸಿದ್ದು ಸಾಕು.”

“ಅಜ್ಜಿ, ನಿಮ್ಮಿಂದ ಬಂತು ಅಂತ ಯಾರೂ ಹೇಳೋ ಹಾಗಿಲ್ಲ. ನಾನು ಬರೆದದ್ದು ತಪ್ಪು ಅಂತ ಈಗ ತಾನೇ ಹೇಳಿದ್ನಲ್ಲ.”

“ನೀವು ಮಿಸಿನ್ ಮಡಗಿ ಅಳ್ದೋರು. ಅಯ್ನೋರು ಬೇರೆ. ನಿಮ್ ಕೈ ಅವತ್ತು ಸುಳ್ಳು ಬರ್ದಿರಾಕಿಲ್ಲ.” ಮುನಿತಾಯಮ್ಮ ಸೆರಗಿನ ಮರೆಯಿಂದಲೇ, ಸಮಾಧಾನ ಮಾಡುವವರ ಹಾಗೆ ಹೇಳಿದರು. “ಈಗ ನನ್ ಪಾಡು ನೋಡಿ ಕನಿಕರಕ್ಕೆ ಹಿಂಗಂತೀರ. ನಂಗೆ ತಿಳೀತದೆ.”

ಏಕಾಂತಯ್ಯನವರು ಚೀಲದಿಂದ ನೋಟುಬುಕ್ಕು ತೆಗೆದರು. ಆ ಏಳು ಅಳತೆಗಳ ಪುಟ ಬಿಚ್ಚಿ ಅವರ ಮುಂದೆ ಹಿಡಿದರು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅವರು ಪುಟದ ಕಡೆ ನೋಡಿ ಕೈಮುಗಿದರು. ಆಮೇಲೆ ಆ ಲೋಟವನ್ನು ಬೂದಿ ಹಾಕಿ ತಿಕ್ಕಿ ತೊಳೆದು ಕೊಡದ ಮೇಲೆ ಬೋರಲು ಹಾಕಿ, ಮತ್ತೆ ಅವರೆಕಾಯಿಯ ಮುಂದೆ ಕೂತರು.